ಓದುಗರ ಪ್ರಶ್ನೆ: ಇದನ್ನೆಲ್ಲ ಯಾರು ಕೇಳ್ತಾರೆ?

ಪ್ರಶ್ನೆ: ಮಗ ಲೋಕಲ್ ರೈಲಿನ ಸದ್ದಿಗೆ ಹಾರ್ಮೋನಿಯಂನ ಒಂದೇ ಸ್ವರ ಸೇರಿಸಿ ನಲವತ್ತು ನಿಮಿಷದ ‘ಸಂಗೀತ’ ಮಾಡಿದ್ದಾನೆ. ಯಾವುದೋ ಸಣ್ಣ ಲೇಬಲ್ (ರೆಕಾರ್ಡ್ ಕಂಪನಿ) ಅದನ್ನು ಹೊರತರುತ್ತದಂತೆ. ಇಂಥ ಕಂಪನಿ ನಡೆಯುವುದಾದರೂ ಹೇಗೆ? ಮೋಸ ಇಲ್ಲ ತಾನೇ?
— ಡೊಂಬಿವಲಿಯ ಓದುಗರು

ಮಾಟುಂಗದಲ್ಲಿ ಕಾರ್ಯಕ್ರಮ ಮುಗಿಸಿ ಕಾಫಿಗೆ ನಿಂತಾಗ ಇದೇ ಪ್ರಶ್ನೆ ಬೇರೆ ಅಪ್ಪಂದಿರ ಬಾಯಲ್ಲೂ ಕೇಳಿದ್ದೇನೆ. ಮೋಸದ ಮಾತು ಆಮೇಲೆ. ಮೊದಲು ನಮ್ಮ ಮುಂಬಯಿಯದೇ ಒಂದು ಕಥೆ.

ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಲಲಿತ್, ಯಮನ್, ಮಾಲಕಂಸ ಅಂತ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿದರು. ಎಲ್ಲ ಯಂತ್ರದ ಮೇಲೆಯೇ: ಒಂದು ಸಿಂಥಸೈಜರ್, ಒಂದು ಡ್ರಮ್ ಮಷೀನ್, ಜೊತೆಗೆ ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಬಾಸ್ ಸ್ವರದ ಯಂತ್ರ. ಎಚ್‌ಎಂವಿ ಎಲ್‌ಪಿ ತಂದಿತು. ಮಾರಾಟ ಅಷ್ಟಕ್ಕಷ್ಟೆ. ಐದು ವರ್ಷದ ನಂತರ ಶಿಕಾಗೊದ ಹುಡುಗರು ಅದೇ ಟಿಬಿ-303 ತಿರುಚಿ ‘ಆ್ಯಸಿಡ್ ಹೌಸ್’ ಎಂಬ ಹೊಸ ಕುಣಿತದ ಸಂಗೀತವನ್ನೇ ಹುಟ್ಟಿಸಿದರು. ಮುಂಬಯಿಯ ಆ ಎಲ್‌ಪಿ ಮಾತ್ರ ಧೂಳು ತಿನ್ನುತ್ತಲೇ ಇತ್ತು. 2010ರಲ್ಲಿ ನೆದರ್ಲೆಂಡ್ಸಿನ ಬಾಂಬೆ ಕನೆಕ್ಷನ್ ಎಂಬ ಪುಟ್ಟ ಲೇಬಲ್ ಅದನ್ನು ಮತ್ತೆ ಅಚ್ಚು ಹಾಕಿಸಿತು. ಎಪ್ಪತ್ತು ದಾಟಿದ ಸಿಂಗ್ ಯುರೋಪಿನ ವೇದಿಕೆ ಹತ್ತಿದರು. ದೊಡ್ಡವರು ಕೈಬಿಟ್ಟಿದ್ದನ್ನು ಸಣ್ಣವರು ಎತ್ತಿಕೊಂಡರು.

ನನ್ನ ಲೆಕ್ಕದಲ್ಲಿ ಇಂಥ ಲೇಬಲ್‌ಗಳು ಸಂಗೀತವನ್ನು ಮಾರುವುದಕ್ಕಿಂತ ಕಾಪಾಡುವುದೇ ಹೆಚ್ಚು. ನ್ಯೂಯಾರ್ಕಿನಲ್ಲಿ 1948ರಲ್ಲಿ ಫೋಕ್‌ವೇಸ್ ಎಂಬ ಲೇಬಲ್ ಶುರುಮಾಡಿದ ಮೋಸಸ್ ಆಶ್ ಜನಪದ ಹಾಡಿನಿಂದ ಕಪ್ಪೆಗಳ ಕೂಗಿನವರೆಗೆ 2000ಕ್ಕೂ ಹೆಚ್ಚು ರೆಕಾರ್ಡು ತಂದರು. ಮಾರಾಟವಿಲ್ಲವೆಂದು ಒಂದನ್ನೂ ಪಟ್ಟಿಯಿಂದ ತೆಗೆಯಲಿಲ್ಲ. ನಮ್ಮ ಅಕ್ಷರಮಾಲೆಯಲ್ಲಿ ಙ, ಞ ಇಲ್ಲವೇ, ಹಾಗೆ.

ದುಡ್ಡು? ಕಮ್ಮಿ. ಕೆಲವು ನೂರು ಪ್ರತಿ, ಕ್ಯಾಸೆಟ್, ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಡೌನ್‌ಲೋಡ್. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಸಾಮಾನ್ಯವಾಗಿ ಶೇ. 15 ಹಿಡಿದುಕೊಳ್ಳುತ್ತದೆ. ಹಾಕಿದ ಖರ್ಚು ವಾಪಸ್ ಬಂದ ಮೇಲೆ ಉಳಿದದ್ದು ಲೇಬಲ್‌ಗೂ ಕಲಾವಿದರಿಗೂ ಅರ್ಧರ್ಧ ಎಂಬುದು ಸಾಮಾನ್ಯ ಒಪ್ಪಂದ. ನಡೆಸುವವರು ಹಗಲು ಬೇರೆ ನೌಕರಿ ಮಾಡುವವರೇ ಹೆಚ್ಚು. ಕೇಳುವವರು ಕೆಲವೇ ಮಂದಿ, ಬರ್ಲಿನ್‌ನಲ್ಲೊಬ್ಬ, ಒಸಾಕಾದಲ್ಲೊಬ್ಬ. (ನಾನಾದರೋ ಇಂಥದ್ದನ್ನು ಹತ್ತು ನಿಮಿಷಕ್ಕೇ ಕೈಬಿಟ್ಟದ್ದುಂಟು.)

ಇನ್ನು ಮೋಸ. ಕರಾರು ಓದಿ. ಹಕ್ಕು ವರ್ಗಾವಣೆಗೆ ಅವಧಿ ಬರೆಯದಿದ್ದರೆ ನಮ್ಮ ಕಾಪಿರೈಟ್ ಕಾಯ್ದೆ ಅದನ್ನು 5 ವರ್ಷ ಎಂದು ಓದುತ್ತದೆ. ಪ್ರದೇಶ ಹೇಳದಿದ್ದರೆ ಭಾರತಕ್ಕಷ್ಟೇ. ‘ಜಗತ್ತಿನಾದ್ಯಂತ, ಶಾಶ್ವತವಾಗಿ’ ಎಂದು ಬರೆದಿದ್ದರೆ ಈ ಆಸರೆ ಇಲ್ಲ. ಧ್ವನಿಮುದ್ರಣದ ಹಕ್ಕು 60 ವರ್ಷ ಬಾಳುವಂಥದ್ದು, ಆದ್ದರಿಂದ ಹಕ್ಕು ತನ್ನಲ್ಲೇ ಇಟ್ಟುಕೊಂಡು ಕೆಲವು ವರ್ಷಗಳ ಲೈಸೆನ್ಸ್ (ಬಳಸುವ ಅನುಮತಿ) ಮಾತ್ರ ಕೊಡಲು ಮಗನಿಗೆ ಹೇಳಿ. ‘ಅಚ್ಚಿನ ಖರ್ಚು ನೀವೇ ಕೊಡಿ’ ಎಂದು ಲೇಬಲ್‌ನವರು ಅಂದರೆ ಎದ್ದು ಬರಲಿ.