ಸುಮ್ಮನಿದ್ದ ಕನೆಕ್ಷನ್ ಮುಂದಿನ ಕಾಲ್‌ನಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಮ್ಮ ಆರ್‌ಪಿಸಿ (ಬೇರೆ ಯಂತ್ರದಲ್ಲಿರುವ ಫಂಕ್ಷನ್ನನ್ನು ನೆಟ್‌ವರ್ಕ್ ಮೂಲಕ ಕರೆಯುವ ವಿಧಾನ) ಕ್ಲೈಂಟ್ ಒಂದರ ಹಿಂದೊಂದು ಕಾಲ್ ಮಾಡುತ್ತಿದ್ದರೆ ಚೆನ್ನಾಗಿ ಓಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮಾಡಿದರೆ ‘ಕನೆಕ್ಷನ್ ರೀಸೆಟ್’ ಅಥವಾ ‘ಬ್ರೋಕನ್ ಪೈಪ್’ ಎನ್ನುತ್ತದೆ. ಮತ್ತೆ ಮಾಡಿದರೆ ಸರಿ. ಎಚ್‌ಟಿಟಿಪಿ ಕೀಪ್-ಅಲೈವ್ (ಒಂದೇ ಕನೆಕ್ಷನ್ನನ್ನು ಹಲವು ಕಾಲ್‌ಗಳಿಗೆ ಬಳಸುವ ಸೌಲಭ್ಯ) ಆಫ್ ಮಾಡಿಬಿಡಲೇ?

ಬೇಡ. ಆಫ್ ಮಾಡಿದರೆ ಎರರ್ ನಿಲ್ಲುತ್ತದೆ, ನಿಜ; ಆದರೆ ಪ್ರತಿ ಕಾಲ್‌ಗೂ ಹೊಸ ಟಿಸಿಪಿ, ಟಿಎಲ್‌ಎಸ್ ಹ್ಯಾಂಡ್‌ಶೇಕ್‌ನ (ಕನೆಕ್ಷನ್ ಕಟ್ಟಲು, ಗೂಢಲಿಪಿ ಹೊಂದಿಸಲು ಮೊದಲು ನಡೆಯುವ ಮಾತುಕತೆ) ಹೊರೆ ಬೀಳುತ್ತದೆ.

‘ಮತ್ತೆ ಮಾಡಿದರೆ ಸರಿ’ ಎಂದಿರಲ್ಲ, ಸುಳಿವು ಅಲ್ಲೇ ಇದೆ. ಸುಮ್ಮನಿರುವ ಕನೆಕ್ಷನ್ನನ್ನು ಸರ್ವರ್ ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ವೆಬ್ ಸರ್ವರ್‌ಗಳಾದ ಅಪಾಚೆಯಲ್ಲಿ ಡಿಫಾಲ್ಟ್ 5 ಸೆಕೆಂಡ್, ಎಂಜಿನ್‌ಎಕ್ಸ್‌ನಲ್ಲಿ 75. ಅವಧಿ ಮುಗಿದಾಗ ಸರ್ವರ್ ಫಿನ್ (‘ನನ್ನ ಕಡೆಯಿಂದ ಮುಗಿಯಿತು’ ಎನ್ನುವ ಟಿಸಿಪಿ ಸಂದೇಶ) ಕಳಿಸುತ್ತದೆ. ಕ್ಲೈಂಟ್ ಯಂತ್ರದ ಕರ್ನಲ್ ಅದಕ್ಕೆ ಆಕ್ (‘ತಲುಪಿತು’ ಎಂಬ ಉತ್ತರ) ಕೊಟ್ಟು ಸಾಕೆಟ್ಟನ್ನು, ಅಂದರೆ ಕನೆಕ್ಷನ್‌ನ ಈ ಕಡೆಯ ತುದಿಯನ್ನು, ಕ್ಲೋಸ್-ವೇಟ್ (ಪ್ರೋಗ್ರಾಂ ಮುಚ್ಚಲಿ ಎಂದು ಕಾಯುವ) ಸ್ಥಿತಿಗೆ ತರುತ್ತದೆ. ನಿಮ್ಮ ಲೈಬ್ರರಿ ಮಾತ್ರ ಆ ಸಾಕೆಟ್ ಕಡೆ ತಿರುಗಿಯೂ ನೋಡಿರುವುದಿಲ್ಲ. ಮುಂದಿನ ಪೋಸ್ಟ್ (ಡೇಟಾ ಕಳಿಸುವ ಎಚ್‌ಟಿಟಿಪಿ ವಿನಂತಿ) ಬಂದಾಗ, ಮರುಬಳಕೆಗೆ ಇಟ್ಟ ಕನೆಕ್ಷನ್‌ಗಳ ಪೂಲ್‌ನಿಂದ ಅದನ್ನೇ ಎತ್ತಿ ಬರೆಯುತ್ತದೆ, ಆ ಕಡೆಯಿಂದ ಆರ್‌ಎಸ್‌ಟಿ, ಅಂದರೆ ರೀಸೆಟ್, ಬರುತ್ತದೆ.

ಖಚಿತಪಡಿಸಿಕೊಳ್ಳಲು ಕ್ಲೈಂಟ್ ಯಂತ್ರದಲ್ಲಿ ಟಿಸಿಪಿಡಂಪ್ (ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ತೋರಿಸುವ ಉಪಕರಣ) ಓಡಿಸಿ, ಒಂದು ಕಾಲ್ ಮಾಡಿ, ಕೈಕಟ್ಟಿ ಕೂತು ನೋಡಿ. ಸರ್ವರ್ ಅಪಾಚೆಯಾದರೆ ಐದನೇ ಸೆಕೆಂಡಿನ ಹೊತ್ತಿಗೆ ಅತ್ತಲಿಂದ ಫಿನ್ ಕಾಣುತ್ತದೆ. ಆಮೇಲೆ ಎರಡನೇ ಕಾಲ್ ಮಾಡಿ: ನಿಮ್ಮ ಪೋಸ್ಟ್, ಅದರ ಬೆನ್ನಿಗೇ ಆರ್‌ಎಸ್‌ಟಿ.

ಪರಿಹಾರ ಒಂದೇ ಸಾಲಿನದು: ಸರ್ವರ್‌ಗಿಂತ ಮೊದಲು ಕ್ಲೈಂಟೇ ಫೋನ್ ಇಡಬೇಕು. ಸರ್ವರ್‌ನದು 5 ಸೆಕೆಂಡ್ ಇದ್ದರೆ ಕ್ಲೈಂಟ್ ಪೂಲ್‌ನ ಐಡಲ್ ಟೈಮ್‌ಔಟ್ 3 ಅಥವಾ 4 ಇರಲಿ. ಗೋ ಭಾಷೆಯ ಡಿಫಾಲ್ಟ್ ಟ್ರಾನ್ಸ್‌ಪೋರ್ಟ್‌ನಲ್ಲಿ ಇದು 90 ಸೆಕೆಂಡ್. ಎಂಜಿನ್‌ಎಕ್ಸ್‌ನ 75ಕ್ಕೂ ಹೆಚ್ಚು, ಹಾಗಾಗಿ ಇಳಿಸಬೇಕು. ನಡುವೆ ಲೋಡ್ ಬ್ಯಾಲೆನ್ಸರ್ (ಕಾಲ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ) ಇದ್ದರೆ, ಅದರ ಬೆನ್ನಿಗಿರುವ ಸರ್ವರ್‌ಗೆ ಅದೇ ಕ್ಲೈಂಟ್. ಬ್ಯಾಲೆನ್ಸರ್‌ನ ಟೈಮ್‌ಔಟ್ 60 ಆದರೆ ಸರ್ವರ್‌ನಲ್ಲಿ 65 ಇಡಿ.

ಇಷ್ಟಾದರೂ ಕ್ಲೈಂಟ್ ಬರೆಯುವ ಕ್ಷಣಕ್ಕೇ ಸರ್ವರ್ ಮುಚ್ಚುವ ಸಾಧ್ಯತೆ ಉಳಿದೇ ಇರುತ್ತದೆ. ಹಾಗಾಗಿ ರಿಟ್ರೈ ಬೇಕು. ಆದರೆ ಎಚ್ಚರ: ಆರ್‌ಪಿಸಿ ಕಾಲ್‌ಗಳು ಸಾಮಾನ್ಯವಾಗಿ ಪೋಸ್ಟ್‌ನಲ್ಲೇ ಹೋಗುತ್ತವೆ, ರೀಸೆಟ್ ಬಂದ ಮಾತ್ರಕ್ಕೆ ಸರ್ವರ್ ಕೆಲಸ ಮಾಡಿಲ್ಲ ಎನ್ನುವಂತಿಲ್ಲ. ಪೈಥಾನ್‌ನ ಎಕ್ಸ್‌ಎಂಎಲ್-ಆರ್‌ಪಿಸಿ (ಕಾಲ್‌ಗಳನ್ನು ಎಕ್ಸ್‌ಎಂಎಲ್ ರೂಪದಲ್ಲಿ ಕಳಿಸುವ ಆರ್‌ಪಿಸಿ) ಕ್ಲೈಂಟ್ ಇಂಥ ಎರರ್ ಬಂದರೆ ನಿಮ್ಮನ್ನು ಕೇಳದೆ ಇನ್ನೊಮ್ಮೆ ಕಳಿಸುತ್ತದೆ. ‘ಬ್ಯಾಲೆನ್ಸ್ ತೋರಿಸು’ ಎಂಬುದಕ್ಕೆ ಅದು ಸರಿ. ‘ಹಣ ವರ್ಗಾಯಿಸು’ ಎಂಬುದಕ್ಕಾದರೆ ಪ್ರತಿ ಕಾಲ್‌ಗೂ ಒಂದು ವಿಶಿಷ್ಟ ಐಡಿ ಕೊಟ್ಟು, ಎರಡನೇ ಬಾರಿ ಬಂದದ್ದನ್ನು ಸರ್ವರ್‌ನಲ್ಲಿ ತಡೆಯಬೇಕು.

ರೀಸೆಟ್ಟೇ ಬರದೆ ಕಾಲ್ ನೇತಾಡುತ್ತಿದ್ದರೆ ಕಥೆ ಬೇರೆ. ನಡುವಿನ ಫೈರ್‌ವಾಲ್ ಇಲ್ಲವೇ ನ್ಯಾಟ್ (ಐಪಿ ವಿಳಾಸ ಬದಲಿಸಿ ದಾಟಿಸುವ ರೌಟರ್) ಸದ್ದಿಲ್ಲದೆ ಆ ಕನೆಕ್ಷನ್ನನ್ನು ಮರೆತಿರಬಹುದು. ಇಲ್ಲಿ ಟಿಸಿಪಿ ಕೀಪ್-ಅಲೈವ್ ನೆರವಾಗುತ್ತದೆ: ಸುಮ್ಮನಿರುವ ಕನೆಕ್ಷನ್‌ನಲ್ಲಿ ಆಗಾಗ ಪ್ರೋಬ್, ಅಂದರೆ ‘ಇದ್ದೀಯಾ?’ ಎಂದು ಕೇಳುವ ಪ್ಯಾಕೆಟ್, ಕಳಿಸುತ್ತದೆ (ಎಚ್‌ಟಿಟಿಪಿಯ ಕೀಪ್-ಅಲೈವ್‌ಗೂ ಇದಕ್ಕೂ ಹೆಸರಷ್ಟೇ ನೆಂಟು). ಆದರೆ ಅದನ್ನು ಸಾಕೆಟ್‌ನಲ್ಲಿ ಆನ್ ಮಾಡಿದರೂ ಲಿನಕ್ಸ್‌ನಲ್ಲಿ ಡಿಫಾಲ್ಟ್ ಆಗಿ ಮೊದಲ ಪ್ರೋಬ್ ಹೊರಡುವುದು 7200 ಸೆಕೆಂಡ್ ಕಳೆದ ಮೇಲೆ. 60ಕ್ಕೆ ಇಳಿಸಿ, ಜೊತೆಗೆ ರೀಡ್ ಟೈಮ್‌ಔಟ್ (ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂಬ ಮಿತಿ) ಕೂಡ ಹಾಕಿ.