ಅರ್ಥ ಕೇಳುವ ಮೊದಲು ಇನ್ನೊಮ್ಮೆ ನೋಡಿ

ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳನ್ನೂ ಹೆತ್ತವರನ್ನೂ ಒಟ್ಟಿಗೆ ಕೂರಿಸಿ ಸುಮಾರು ಹತ್ತು ನಿಮಿಷದ ಒಂದು ಸಿನಿಮಾ ತೋರಿಸಿದೆ. 1957ರ ‘ಎ ಚೇರಿ ಟೇಲ್’. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನಲ್ಲಿ ನಾರ್ಮನ್ ಮೆಕ್‌ಲಾರೆನ್ ಮತ್ತು ಕ್ಲೋಡ್ ಜ್ಯೂತ್ರಾ ಸೇರಿ ಮಾಡಿದ್ದು. ಪುಸ್ತಕ ಹಿಡಿದು ಬಂದ ಯುವಕ ಕುರ್ಚಿಯಲ್ಲಿ ಕೂರಲು ಹೋಗುತ್ತಾನೆ, ಕುರ್ಚಿ ತಪ್ಪಿಸಿಕೊಳ್ಳುತ್ತದೆ. ಕತೆ ಎಂದರೆ ಅಷ್ಟೇ. ಮಾತು ಒಂದೂ ಇಲ್ಲ. ಹಿನ್ನೆಲೆಯಲ್ಲಿ ರವಿಶಂಕರರ ಸಿತಾರ್, ಚತುರಲಾಲರ ತಬಲಾ.

ಮುಗಿದ ಕೂಡಲೇ ಒಬ್ಬ ತಂದೆ ಮಗಳನ್ನು ಕೇಳಿದರು, “ಇದರಿಂದ ನಿನಗೆ ಏನು ಗೊತ್ತಾಯ್ತು?” ಏಳು ವರ್ಷದ ಹುಡುಗಿ ತಲೆ ತಗ್ಗಿಸಿದಳು.

ನಾನು ಅತಿ ಹೆಚ್ಚು ಕಾಣುವುದು ಇದನ್ನೇ. ಅಪ್ಪನ ಪ್ರೀತಿಯಲ್ಲಿ ಕೊರತೆಯಿಲ್ಲ, ಆದರೆ ಪ್ರಶ್ನೆ ಪರೀಕ್ಷೆಯದ್ದು. ಮಗು ತಾನು ಕಂಡದ್ದನ್ನು ಬಿಟ್ಟು ಅಪ್ಪನ ಮನಸ್ಸಿನಲ್ಲಿರುವ ಉತ್ತರವನ್ನು ಹುಡುಕಲು ಶುರುಮಾಡುತ್ತದೆ.

ಮತ್ತೊಮ್ಮೆ ಹಾಕಿದೆ. ಈ ಸಲ ನಾನು ಕೇಳಿದ್ದು, “ಕುರ್ಚಿ ಮೊದಲು ಅಲ್ಲಾಡಿದ್ದು ಯಾವಾಗ?” ಅವಳು ಎದ್ದು ಪರದೆಯ ಹತ್ತಿರವೇ ಹೋಗಿ ಬೆರಳು ಇಟ್ಟು ತೋರಿಸಿದಳು. ಆಮೇಲೆ ತಾನಾಗಿಯೇ ಹೇಳಿದಳು, “ಅದಕ್ಕೆ ಕೋಪ ಬಂದದ್ದು. ಕೂತುಕೊಳ್ಳಲಾ ಅಂತ ಅವರು ಕೇಳಲೇ ಇಲ್ಲ.”

ಕತೆಯೇ ಇಲ್ಲದ ಸಿನಿಮಾ ಮಕ್ಕಳಿಗೆ ಹೇಗೆ ತಿಳಿಯಬೇಕು ಎಂದು ಹಲವರು ಕೇಳುತ್ತಾರೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬನ ಊರಿನವರು ನಾವು. ಯಕ್ಷಗಾನದ ರಂಗಸ್ಥಳದಲ್ಲಿ ಬಟ್ಟೆ ಹೊದಿಸಿದ ಒಂದು ಮರದ ಪೆಟ್ಟಿಗೆ ‘ರಥ’ವಾಗಿ ಇರುತ್ತದೆ. ಅದೇ ಸಿಂಹಾಸನ, ಅದೇ ತೇರು, ಬೇಕಾದಾಗ ಬೆಟ್ಟ. ಯಾವ ಮಗುವೂ ಅದರ ಅರ್ಥ ಕೇಳಿದ್ದನ್ನು ನಾನು ಕಂಡಿಲ್ಲ. ನೋಡುವ ಆ ಅಭ್ಯಾಸ ನಮ್ಮ ಮಕ್ಕಳಲ್ಲಿ ಆಗಲೇ ಇದೆ, ನಾವು ಅವಸರ ಮಾಡದಿದ್ದರೆ ಸಾಕು.

ಇನ್ನೊಂದು ಅನುಕೂಲವೂ ನಮಗಿದೆ. ಮನೆಯಲ್ಲಿ ತುಳು ಅಥವಾ ಹವ್ಯಕ, ಪೇಟೆಯಲ್ಲಿ ಮಲಯಾಳ, ಕ್ಲಾಸಿನಲ್ಲಿ ಕನ್ನಡ ಎಂದು ಬೆಳೆಯುವ ಮಕ್ಕಳಿಗೆ ಮಾತಿಲ್ಲದ ಸಿನಿಮಾ ದೊಡ್ಡ ಬಿಡುಗಡೆ. ಯಾವ ಭಾಷೆಯಲ್ಲಿ ಬಾಯಿಗೆ ಬರುತ್ತದೋ ಅದರಲ್ಲೇ ಹೇಳಲಿ, ತಿದ್ದಬೇಡಿ. ಬೋರ್ ಆಗಿ ಎದ್ದು ಹೋದರೆ ಹೋಗಲಿ.

ಆದರೆ ಮೊದಲು ನೀವೊಬ್ಬರೇ ನೋಡದೆ ಏನನ್ನೂ ತೋರಿಸಬೇಡಿ. ಮೆಕ್‌ಲಾರೆನ್ನರದ್ದೇ ‘ನೇಬರ್ಸ್’ (1952) ಆಸ್ಕರ್ ಪಡೆದ ಸಿನಿಮಾ. ಒಂದು ಹೂವಿಗಾಗಿ ಇಬ್ಬರು ನೆರೆಯವರು ಜಗಳಾಡುವುದು ತಮಾಷೆಯಾಗಿಯೇ ಶುರುವಾಗುತ್ತದೆ. ಕೊನೆಗೆ ಹೆಂಡತಿ, ಎಳೆಗೂಸುಗಳ ಮೇಲೂ ಕೈ ಮಾಡುತ್ತಾರೆ. ಸಣ್ಣ ಮಕ್ಕಳಿಗೆ ಅದು ಬೇಡ. ಬೆಳಕು ಚಕಚಕನೆ ಮಿನುಗುವ ಸಿನಿಮಾಗಳನ್ನು ಕೋಣೆಯ ಲೈಟ್ ಉರಿಸಿಯೇ ನೋಡಿ. ಫಿಟ್ಸ್ ಬರುವ ಮಗುವಾದರೆ ಡಾಕ್ಟರರನ್ನು ಕೇಳದೆ ಅಂಥವನ್ನು ತೋರಿಸಲೇಬಾರದು.

ಕುರ್ಚಿ ನಡೆದದ್ದು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬಾಯಲ್ಲಿ ವಿವರಿಸುವುದಕ್ಕಿಂತ, ವಸ್ತುಗಳನ್ನು ನಡೆಸುವ ಒಂದು ಸುಲಭ ದಾರಿಯನ್ನು ಅವರಿಂದಲೇ ಮಾಡಿಸಿ. ಮೊಬೈಲನ್ನು ಅಲ್ಲಾಡದಂತೆ ಇಟ್ಟು, ವಸ್ತುವನ್ನು ಒಂದು ಬೆರಳಗಲ ಸರಿಸಿ, ಕೈ ತೆಗೆದು, ಒಂದು ಫೋಟೋ. ಮತ್ತೆ ಸರಿಸಿ, ಮತ್ತೊಂದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಒಂದೊಂದನ್ನು ಎರಡೆರಡು ಸಲ ಬಳಸಿದರೆ 12 ಫೋಟೋ ಸಾಕು.

ಅದೇ ತಂದೆ ಮುಂದಿನ ಸಲ ಮೊಬೈಲ್ ಹಿಡಿದು ಬಂದರು. 48 ಫೋಟೋ, ನಾಲ್ಕು ಸೆಕೆಂಡ್. ಅಂಗಳದಲ್ಲಿ ಒಣಗಲು ಹರವಿದ ಅಡಿಕೆಗಳ ನಡುವಿನಿಂದ ಒಂದೇ ಒಂದು ಅಡಿಕೆ ಹೊರಟು, ಚಾವಡಿಯ ಮೆಟ್ಟಿಲ ತನಕ ಬಂದು, ಅಲ್ಲಿ ನಿಂತು, ವಾಪಸ್ ಹೋಗುತ್ತದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾಕೆ ವಾಪಸ್ ಹೋಯಿತೆಂದು ನಾನು ಕೇಳಲಿಲ್ಲ. ಇನ್ನೊಮ್ಮೆ ಹಾಕು ಎಂದೆ.