ಜೈಪುರದ 50 ಜೋಡಿ, ತುಮಕೂರಿನ ಜಗಳ

ತುಮಕೂರಿನ ಮನೆಗಳಲ್ಲಿ ಮಗನೋ ಮಗಳೋ 'ನಾನೇ ಒಬ್ರನ್ನ ನೋಡ್ಕೊಂಡಿದ್ದೀನಿ' ಅಂದಾಗ ಏಳುವ ವಾದ ಹೊಸದೇನಲ್ಲ. 'ಮದುವೆ ಆದ್ಮೇಲೆ ಪ್ರೀತಿ ತಾನಾಗೇ ಬರುತ್ತೆ' ಅನ್ನುವುದು ಹಿರಿಯರ ಹಳೆಯ ಅಸ್ತ್ರ. ಈಚೆಗೆ ಅದಕ್ಕೊಂದು ಬಾಲ ಹುಟ್ಟಿದೆ: 'ಸೈನ್ಸೂ ಹಂಗೇ ಹೇಳುತ್ತಂತೆ.' ಆ ಸೈನ್ಸು ಎಲ್ಲಿಯದು?

ಪ್ರೀತಿಗೆ ಅಳತೆಗೋಲು ಹಿಡಿದು ಅರ್ಧ ಶತಮಾನ ದಾಟಿದೆ. 1970ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಝಿಕ್ ರೂಬಿನ್ ಮೆಚ್ಚುಗೆಗೆ ಒಂದು, ಪ್ರೀತಿಗೆ ಒಂದು ಪ್ರಶ್ನಾವಳಿ ಮಾಡಿದರು. 1975ರಲ್ಲಿ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಪ್ರೀತಿಯ ಅಧ್ಯಯನಕ್ಕೆ ಸರ್ಕಾರ ಕೊಟ್ಟ 84,000 ಡಾಲರ್ ದುಂದುವೆಚ್ಚ ಎಂದು ಹಂಗಿಸಿದರು. 1987ರಲ್ಲಿ ಮನಶ್ಶಾಸ್ತ್ರಜ್ಞರಾದ ಹಜಾನ್ ಮತ್ತು ಶೇವರ್ ತಾಯಿ-ಮಗುವಿನ ನಂಟಿನ ಸಿದ್ಧಾಂತವನ್ನು ಪ್ರೇಮಿಗಳಿಗೂ ಅನ್ವಯಿಸಿದರು.

ನಮ್ಮ ವಾದದ ಬೇರು ಇರುವುದು ಜೈಪುರದಲ್ಲಿ. 1982ರಲ್ಲಿ ಉಷಾ ಗುಪ್ತಾ, ಪುಷ್ಪಾ ಸಿಂಗ್ ಅಲ್ಲಿನ 50 ಜೋಡಿಗಳ ಕೈಗೆ ರೂಬಿನ್ ಪ್ರಶ್ನಾವಳಿ ಕೊಟ್ಟರು. ಪ್ರೇಮವಿವಾಹಿತರಲ್ಲಿ ಹೊಸ ಜೋಡಿಗಳ ಅಂಕ ಹೆಚ್ಚು, ಹಳೆಯ ಜೋಡಿಗಳದ್ದು ಕಡಿಮೆ; ಹಿರಿಯರು ಕೂಡಿಸಿದವರಲ್ಲಿ ಇದು ತಿರುವುಮುರುವು. ಗಮನಿಸಿ, ಅವರು ಒಂದೇ ಜೋಡಿಯ ಬೆನ್ನಿಗೆ ಬಿದ್ದು ಹತ್ತು ವರ್ಷ ನೋಡಿದ್ದಲ್ಲ. ನಿನ್ನೆ ಮೊನ್ನೆ ಮದುವೆಯಾದವರನ್ನೂ ದಶಕ ಕಳೆದವರನ್ನೂ ಒಟ್ಟಿಗೆ ಕೂರಿಸಿ ಹೋಲಿಸಿದ್ದು. ಸಂಶೋಧಕಿಯರದು ಶೋಧದ ಮೊದಲ ಹೆಜ್ಜೆ ಅಷ್ಟೆ. ಕೈಯಿಂದ ಕೈಗೆ ದಾಟುತ್ತಾ 50 ಜೋಡಿ 'ಭಾರತ'ವಾಯಿತು, ಭಾರತ 'ಸೈನ್ಸ್' ಆಯಿತು. ಅಮೆರಿಕದಲ್ಲಿ ನೆಲೆಸಿದ ಭಾರತೀಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಬಗೆಯ ಮದುವೆಗಳ ನಡುವೆ ಪ್ರೀತಿಯಲ್ಲಾಗಲಿ ತೃಪ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅದು ನಮ್ಮ ಕುಟುಂಬದ ಗ್ರೂಪಿಗೆ ಇನ್ನೂ ಬಂದಿಲ್ಲ, ಬಿಡಿ.

ಅಷ್ಟರಲ್ಲಿ ಸಂಶೋಧನೆಯ ಪ್ರಶ್ನೆಯೇ ಬದಲಾಗಿತ್ತು. ಮದುವೆ ಹೇಗೆ ಆಯಿತು ಅನ್ನುವುದಕ್ಕಿಂತ ಒಬ್ಬರು ಬಾಯಿ ಬಿಟ್ಟಾಗ ಇನ್ನೊಬ್ಬರು ಏನು ಮಾಡುತ್ತಾರೆ ಅನ್ನುವುದು ಮುಖ್ಯವಾಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತೇವಲ್ಲ, ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಆ ಜಗಳಗಳನ್ನೇ ಕ್ಯಾಮೆರಾ ಇಟ್ಟು ನೋಡಿದರು. ದಾಂಪತ್ಯ ಕೆಡಿಸುವುದು ಜಗಳಕ್ಕಿಂತ ಹೆಚ್ಚಾಗಿ ತಾತ್ಸಾರ ಎಂದರು. ಅಲ್ಲಿನದೇ ಸಂಶೋಧಕಿ ಶೆಲ್ಲಿ ಗೇಬಲ್ ಇನ್ನೂ ಸ್ವಾರಸ್ಯದ ಕಡೆ ಹೊರಳಿದರು: ಸಂಗಾತಿ ಸಿಹಿ ಸುದ್ದಿ ತಂದಾಗ ನೀವೇನನ್ನುತ್ತೀರಿ? 2006ರ ಅವರ ತಂಡದ ಅಧ್ಯಯನದಲ್ಲಿ, ಸಂಬಂಧ ಎಷ್ಟು ಗಟ್ಟಿ ಎಂಬುದು ಕಷ್ಟದಲ್ಲಿ ಹೇಳಿದ ಸಮಾಧಾನಕ್ಕಿಂತ ಸಂತೋಷಕ್ಕೆ ಕೊಟ್ಟ ಪ್ರತಿಕ್ರಿಯೆಯಲ್ಲೇ ಚೆನ್ನಾಗಿ ಕಂಡಿತು.

ಇದು ನಮ್ಮೂರಿಗೆ ಹತ್ತಿರದ ಮಾತು. ಬೆಳಗಿನ ರೈಲಿಗೆ ಓಡಿ, ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಲ್ಲಿ ದುಡಿದು, ರಾತ್ರಿ ತುಮಕೂರು ಸ್ಟೇಷನ್ನಲ್ಲಿ ಇಳಿಯುವವರ ಮನೆಯಲ್ಲಿ ಮಾತಿಗೆ ಸಿಗುವುದೇ ಅರ್ಧ ಗಂಟೆ. 'ಪ್ರಮೋಷನ್ ಬಂತು ಕಣ್ರೀ' ಅಂದರೆ 'ಹೂಂ, ಸಾರು ಬಿಸಿ ಮಾಡು' ಅನ್ನುವವರಿದ್ದಾರೆ. ಅವರಲ್ಲಿ ಓಡಿಹೋಗಿ ಮದುವೆಯಾದವರೂ ಇದ್ದಾರೆ, ಜಾತಕ ಕೂಡಿಸಿಕೊಂಡವರೂ ಇದ್ದಾರೆ.